ಕಾಮಾಲೆಯ ಹಿಂದಿನ ಹಿಮ್ಮುಖ ಹರಿವು: ಪಿತ್ತಕೋಶದ ಕ್ಯಾನ್ಸರಿನ ಒಂದು ಚರಿತ್ರೆ

ನೇತ್ರಾವತಿ ಮತ್ತು ಕುಮಾರಧಾರಾ ನದಿಗಳು ಉಪ್ಪಿನಂಗಡಿಯಲ್ಲಿ ಕೂಡುವ ಮೊದಲು ಹರಿದುಬರುವ ಸೀಮೆಯಲ್ಲಿ, ಎಂದರೆ ಪೆರಾಬೆ, ಕುಂತೂರು, ಆಲಂಕಾರು, ರಾಮಕುಂಜ, ಕಡಬ ಮೊದಲಾದ ಗ್ರಾಮಗಳಲ್ಲಿ, ಕಾಮಾಲೆಯನ್ನು ಬೇರೊಂದು ರೋಗದ ಲಕ್ಷಣವೆಂದು ನೋಡದೆ ಅದನ್ನೇ ಒಂದು ಪೂರ್ಣ ರೋಗವೆಂದು ಎಣಿಸುವ ರೂಢಿ ಬಹುಕಾಲ ನಡೆದುಬಂದಿತು. ಕಣ್ಣಿನ ಬಿಳುಪು, ಉಗುರು ಮತ್ತು ಮೂತ್ರ ಹಳದಿಗೆ ತಿರುಗಿದರೆ ರೋಗ ಯಾವುದೆಂಬ ಚರ್ಚೆ ಅಲ್ಲಿಗೆ ಮುಗಿಯುತ್ತಿತ್ತು, ಮದ್ದು ಯಾರ ಮನೆಯಲ್ಲಿ ಸಿಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ತೋಟದ ಬದಿಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಹೇರಳವಾಗಿ ಬೆಳೆಯುವ ಕಿರುನೆಲ್ಲಿಯನ್ನು ಬೇರುಸಹಿತ ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಕುಡಿಸುವುದು, ಎಣ್ಣೆ, ತುಪ್ಪ, ಒಗ್ಗರಣೆ, ಮೀನು, ಮಾಂಸಗಳನ್ನು ಬಿಡಿಸಿ ಕುಚ್ಚಲಕ್ಕಿ ಗಂಜಿಯ ಮೇಲೆ ಇರಿಸುವುದು, ಕೆಲವೆಡೆ ಬರೆ ಹಾಕುವುದು ಈ ಚಿಕಿತ್ಸೆಯ ಮುಖ್ಯ ಅಂಗಗಳಾಗಿದ್ದವು. ಮದ್ದು ಕೊಡುವವರಲ್ಲಿ ಅನೇಕರು ಅದಕ್ಕೆ ಹಣ ಮುಟ್ಟಬಾರದು ಎಂಬ ಕಟ್ಟುಪಾಡನ್ನು ಪಾಲಿಸುತ್ತಿದ್ದುದರಿಂದ ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲರೂ ಮೊದಲು ಅಲ್ಲಿಗೇ ಹೋಗುತ್ತಿದ್ದರು.

ಈ ಪದ್ಧತಿಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. ಕಲುಷಿತ ನೀರಿನಿಂದ ಹರಡುವ ಹೆಪಟೈಟಿಸ್ ಎ ಎಂಬ ವೈರಾಣು ಸೋಂಕು ಕಾಮಾಲೆಯ ಬಹು ಸಾಮಾನ್ಯ ಕಾರಣಗಳಲ್ಲೊಂದು, ಅದು ಬಹುಪಾಲು ಜನರಲ್ಲಿ ಕೆಲವು ವಾರಗಳೊಳಗೆ ತಾನಾಗಿಯೇ ಇಳಿಯುತ್ತದೆ, ಆದ್ದರಿಂದ ಮದ್ದು ಕೊಟ್ಟವರ ಕೈಗುಣಕ್ಕೆ ಕೀರ್ತಿ ಬರುವುದು ಸಹಜವೇ ಆಗಿತ್ತು. ಪಿತ್ತರಸ ಕರುಳಿಗೆ ಸರಿಯಾಗಿ ಇಳಿಯದಿರುವಾಗ ಜಿಡ್ಡಿನ ಆಹಾರ ಜೀರ್ಣವಾಗದು ಎಂಬ ಅನುಭವದ ತಿಳಿವೂ ಆ ಪಥ್ಯದ ಹಿಂದೆ ಇದೆ. ತೊಡಕು ಇರುವುದು ಇನ್ನೊಂದು ಬಗೆಯ ಕಾಮಾಲೆಯಲ್ಲಿ. ಪಿತ್ತರಸದ ನಾಳವನ್ನು ಒಂದು ಗಡ್ಡೆ ಒತ್ತಿ ಮುಚ್ಚಿದ್ದರಿಂದ ಬಂದ ಹಳದಿ ಯಾವ ಪಥ್ಯಕ್ಕೂ ಇಳಿಯುವುದಿಲ್ಲ, ಮತ್ತು ಒಂದು ಮದ್ದು ನಾಟದೆ ಇನ್ನೊಂದು ಮನೆಯ ಮದ್ದನ್ನು ಹುಡುಕಿ ಹೋಗುವ ತಿಂಗಳುಗಳಲ್ಲಿ ಆ ಗಡ್ಡೆ ಪಿತ್ತಜನಕಾಂಗಕ್ಕೆ ಹಬ್ಬಿಬಿಡುತ್ತದೆ. ಪಿತ್ತಕೋಶದ ಕ್ಯಾನ್ಸರ್ ಹೀಗೆ ಅಡಗಿ ಬೆಳೆಯುವ ರೋಗಗಳಲ್ಲಿ ಮುಖ್ಯವಾದುದು, ಏಕೆಂದರೆ ಅದು ಹಳದಿಯ ರೂಪದಲ್ಲಿ ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಕಾಲ ಸಾಮಾನ್ಯವಾಗಿ ಮೀರಿರುತ್ತದೆ.

ಎರಡು ಬಗೆಯ ಕಾಮಾಲೆಗಳಿವೆ ಎಂಬ ಅರಿವು ಭಾರತೀಯ ವೈದ್ಯಕ್ಕೆ ಹೊಸದೇನಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 16ನೇ ಅಧ್ಯಾಯ ಪಾಂಡು ಮತ್ತು ಕಾಮಾಲೆಗಳನ್ನು ಕುರಿತದ್ದು, ಅಲ್ಲಿ ಪಿತ್ತ ಅತಿಯಾಗಿ ಕೆರಳಿದ್ದರಿಂದ ಬರುವ ಕಾಮಾಲೆಯನ್ನೂ, ಪಿತ್ತದ ದಾರಿ ಕಫದಿಂದ ಅಡ್ಡಗಟ್ಟಲ್ಪಟ್ಟು ಬರುವ ಕಾಮಾಲೆಯನ್ನೂ ಬೇರ್ಪಡಿಸಿ ಹೇಳಲಾಗಿದೆ. ಎರಡನೆಯದರ ಗುರುತಾಗಿ ಎಳ್ಳು ಅರೆದ ಹಿಟ್ಟಿನಂತೆ ಬಣ್ಣಗೆಟ್ಟ ಮಲವನ್ನು ಹೆಸರಿಸಿರುವುದು ಗಮನಾರ್ಹ, ಏಕೆಂದರೆ ಮಲಕ್ಕೆ ಬಣ್ಣ ಕೊಡುವುದು ಪಿತ್ತರಸವೇ ಆಗಿದ್ದು ಅದು ಕರುಳಿಗೆ ಇಳಿಯದಿದ್ದರೆ ಮಲ ಬಿಳಿಚಿಕೊಳ್ಳುತ್ತದೆ ಎಂಬುದನ್ನು ಇಂದಿನ ವೈದ್ಯಶಾಸ್ತ್ರವೂ ಅಡಚಣೆಯ ಕಾಮಾಲೆಯ ಮುಖ್ಯ ಲಕ್ಷಣವಾಗಿ ಕಲಿಸುತ್ತದೆ. ಶಾಸ್ತ್ರ ಓದಿದ ಪಂಡಿತರಿಗೆ ಈ ಭೇದ ತಿಳಿದಿತ್ತು. ಆದರೆ ಶಾಸ್ತ್ರದಿಂದ ಬೇರ್ಪಟ್ಟು ಒಂದೇ ಗಿಡ, ಒಂದೇ ಪಥ್ಯವಾಗಿ ಮನೆಮನೆಗೆ ಉಳಿದುಬಂದ ಮದ್ದಿನಲ್ಲಿ ಮಲದ ಬಣ್ಣ ಕೇಳುವ ಪದ್ಧತಿ ಸವೆದುಹೋಯಿತು, ಮತ್ತು ಅತ್ಯಂತ ಬೆಲೆಯುಳ್ಳ ತಿಳಿವೇ ಮೊದಲು ಕಳೆದುಹೋದ ದೃಷ್ಟಾಂತಗಳಲ್ಲಿ ಇದೂ ಒಂದು.

ಸರ್ಕಾರಿ ದಾಖಲೆಯೂ ಈ ಮರೆವಿಗೆ ನೆರವಾಯಿತೆನ್ನಬಹುದು. 1956ರವರೆಗೆ ದಕ್ಷಿಣ ಕನ್ನಡವು ಮದರಾಸು ಆಡಳಿತದಲ್ಲಿತ್ತು, ಹಿಂದೆ ಉಪ್ಪಿನಂಗಡಿ ತಾಲೂಕೆಂದು ಕರೆಯಲಾಗುತ್ತಿದ್ದ, ಅನಂತರ ಪುತ್ತೂರು ತಾಲೂಕೆನಿಸಿದ ಈ ಸೀಮೆಯಲ್ಲಿ ಸಾವುಗಳ ಲೆಕ್ಕ ಗ್ರಾಮಾಧಿಕಾರಿಯಾದ ಪಟೇಲರ ಕೈಯಲ್ಲಿತ್ತು. ಬ್ರಿಟಿಷ್ ಕಾಲದ ಮರಣ ನೋಂದಣಿ ಕಾಲರಾ, ಸಿಡುಬು, ಜ್ವರ, ಆಮಶಂಕೆ, ಅಪಘಾತ ಎಂಬಂಥ ಕೆಲವೇ ಶಿರೋನಾಮೆಗಳಲ್ಲಿ ನಡೆಯುತ್ತಿತ್ತು, ಉಳಿದುದೆಲ್ಲ ಇತರ ಕಾರಣಗಳೆಂಬ ಕೊನೆಯ ಕಲಮಿಗೆ ಸೇರುತ್ತಿತ್ತು. ಸಾಂಕ್ರಾಮಿಕಗಳನ್ನು ಹಿಡಿಯಲೆಂದು ರೂಪಿಸಿದ ಆ ಬಲೆಯಲ್ಲಿ ಹಳದಿಯಾಗಿ ಸೊರಗಿ ಸತ್ತ ಒಬ್ಬ ಗೃಹಿಣಿಯ ಸಾವು ತನ್ನದೇ ಹೆಸರಿನಿಂದ ಉಳಿಯುವ ಅವಕಾಶವಿರಲಿಲ್ಲ.

ಹಳದಿಯ ಹಿಂದೆ ಏನಿದೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಶವಚ್ಛೇದದ ಮೇಜಿನ ಮೇಲೆ, ಅದೂ ತುಂಡು ತುಂಡಾಗಿ, ಮೂರು ಶತಮಾನಗಳ ಅಂತರದಲ್ಲಿ. ಹೊಟ್ಟೆಯ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಯ ನಡುವೆ ಒಂದು ನಾಳವಿದೆಯೆಂದು 1642ರಲ್ಲಿ ಇಟಲಿಯ ಪಾದುವಾದಲ್ಲಿ ಯೋಹಾನ್ ಗಿಯೋರ್ಗ್ ವಿರ್ಸುಂಗ್ ಕಂಡನು. ಅದರ ಕೆಲಸವೇನೆಂದು ಅವನಿಗೆ ತಿಳಿದಿರಲಿಲ್ಲ, ತಾಮ್ರದ ಹಲಗೆಯಲ್ಲಿ ಅದರ ಚಿತ್ರ ಕೊರೆಸಿ ಯುರೋಪಿನ ಅಂಗರಚನಾಶಾಸ್ತ್ರಜ್ಞರಿಗೆ ಕಳುಹಿಸಿದನು, ಆದರೆ ನಾಳವನ್ನು ಕಂಡ ಮರುವರ್ಷವೇ ಅವನು ಕೊಲೆಯಾದನು. ಪಿತ್ತಜನಕಾಂಗದಿಂದ ಇಳಿಯುವ ಪಿತ್ತನಾಳ ಮತ್ತು ಮೇದೋಜೀರಕ ನಾಳಗಳು ಸಣ್ಣ ಕರುಳಿನ ಮೊದಲ ಭಾಗವನ್ನು ಸೇರುವಲ್ಲಿ ಇರುವ ಉಬ್ಬನ್ನು 1720ರಲ್ಲಿ ಜರ್ಮನಿಯ ಅಬ್ರಹಾಂ ವಾಟರ್ ವರ್ಣಿಸಿದನು. 1777ರಲ್ಲಿ ವಿಯೆನ್ನಾದ ಮ್ಯಾಕ್ಸಿಮಿಲಿಯನ್ ಸ್ಟಾಲ್ ಶವಪರೀಕ್ಷೆಯಲ್ಲಿ ಕಂಡ ಪಿತ್ತಕೋಶದ ಕ್ಯಾನ್ಸರನ್ನು ದಾಖಲಿಸಿದನು, 1882ರಲ್ಲಿ ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಕ್ ಮೊದಲ ಬಾರಿಗೆ ಬದುಕಿರುವ ರೋಗಿಯ ಪಿತ್ತಕೋಶವನ್ನು ತೆಗೆದು ಅದಿಲ್ಲದೆಯೂ ಮನುಷ್ಯ ಬದುಕಬಲ್ಲನೆಂದು ತೋರಿಸಿದನು. ಐದು ವರ್ಷಗಳ ಬಳಿಕ, 1887ರಲ್ಲಿ, ಪೆರೂಜಾದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ರುಜ್ಜೆರೊ ಒಡ್ಡಿ ಆ ಉಬ್ಬಿನ ಸುತ್ತ ಇರುವ ಬಿಗಿಸ್ನಾಯುವನ್ನು, ಎಂದರೆ ನಾಳದ ಬಾಯಿಯನ್ನು ಬೇಕಾದಾಗ ಮುಚ್ಚಿ ಬೇಕಾದಾಗ ತೆರೆಯುವ ಸ್ನಾಯುವಿನ ಉಂಗುರವನ್ನು, ವಿವರವಾಗಿ ಅಭ್ಯಸಿಸಿ ಪ್ರಕಟಿಸಿದನು. ಅಷ್ಟು ಚಿಕ್ಕ ವಯಸ್ಸಿಗೆ ಹೆಸರು ಗಳಿಸಿದ ಅವನ ಬಾಳು ಮಾತ್ರ ಅನಂತರ ದಾರಿತಪ್ಪಿ, 1913ರಲ್ಲಿ ದೂರದ ಟ್ಯುನಿಸ್‌ನಲ್ಲಿ ಕೊನೆಗೊಂಡಿತು.

ಈ ಮೂರು ಅಂಶಗಳು, ಎಂದರೆ ಎರಡು ನಾಳಗಳು, ಅವುಗಳ ಕೂಡುಸ್ಥಳ ಮತ್ತು ಅದನ್ನು ಕಾಯುವ ಸ್ನಾಯು, ಮುಂದಿನ ಎಲ್ಲ ಚರ್ಚೆಗೂ ಆಧಾರ. ಆದರೆ ಚರ್ಚೆ ಮೊದಲು ಹಿಡಿದ ದಿಕ್ಕು ತಲೆಕೆಳಗಾಗಿತ್ತು. 1856ರಲ್ಲಿ ಫ್ರಾನ್ಸಿನ ಕ್ಲೋದ್ ಬರ್ನಾರ್ ಪ್ರಾಣಿಯ ಮೇದೋಜೀರಕ ನಾಳಕ್ಕೆ ಪಿತ್ತರಸ ಹಾಯಿಸಿ ಆ ಗ್ರಂಥಿಯಲ್ಲಿ ಉರಿಯೂತ ಹುಟ್ಟಿಸಿದ್ದನು, 1901ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಯುಜೀನ್ ಓಪಿ ಮೇದೋಜೀರಕದ ಉರಿಯೂತದಿಂದ ಸತ್ತ ಒಬ್ಬ ರೋಗಿಯ ವಾಟರನ ಉಬ್ಬಿನಲ್ಲಿ ಸಣ್ಣ ಪಿತ್ತದ ಕಲ್ಲೊಂದು ಸಿಕ್ಕಿಕೊಂಡಿದ್ದನ್ನು ಕಂಡು, ಬಾಯಿ ಮುಚ್ಚಿದಾಗ ಎರಡು ನಾಳಗಳು ಒಂದೇ ಕಾಲುವೆಯಾಗಿ ಪಿತ್ತರಸ ಮೇದೋಜೀರಕಕ್ಕೆ ನುಗ್ಗುತ್ತದೆ ಎಂದು ವಾದಿಸಿದನು. ಸಮಾನ ನಾಳದ ಸಿದ್ಧಾಂತವೆಂದು ಹೆಸರಾದ ಈ ವಾದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವೈದ್ಯರ ಯೋಚನೆಯನ್ನು ಆಳಿತು, ಪರಿಣಾಮವಾಗಿ ಅದೇ ಕೂಡುಸ್ಥಳದಲ್ಲಿ ರಸ ಎದುರು ದಿಕ್ಕಿಗೂ ಹರಿಯಬಹುದೆಂಬ ಸಾಧ್ಯತೆಗೆ ತಕ್ಕ ಗಮನ ಸಿಗಲಿಲ್ಲ. ಆ ಎದುರು ಹರಿವೇ ಹೆಚ್ಚು ಸಹಜವೆಂಬುದು ಮುಂದೆ ಒತ್ತಡಗಳನ್ನು ಅಳೆದಾಗ ತಿಳಿದುಬಂದಿತು. ಮೇದೋಜೀರಕ ನಾಳದೊಳಗಿನ ಒತ್ತಡ ಪಿತ್ತನಾಳದ ಒತ್ತಡಕ್ಕಿಂತ ಸಾಮಾನ್ಯವಾಗಿ ಹೆಚ್ಚು, ಆದ್ದರಿಂದ ತಡೆಯಿಲ್ಲದೆ ಎರಡೂ ಕೂಡಿದರೆ ಮೇದೋಜೀರಕ ರಸವೇ ಪಿತ್ತದ ದಾರಿಯಲ್ಲಿ ಮೇಲಕ್ಕೆ ಏರುತ್ತದೆ, ನೇತ್ರಾವತಿ ತುಂಬಿ ಬಂದಾಗ ಸಂಗಮದಲ್ಲಿ ಕುಮಾರಧಾರೆಯ ನೀರು ಮುಂದೆ ಹೋಗಲಾರದೆ ಹಿಂದಕ್ಕೆ ನಿಂತು ಏರುವಂತೆ.

ಸರಿಯಾದ ಅಂಗರಚನೆಯಲ್ಲಿ ಈ ಪ್ರವಾಹ ಉಂಟಾಗುವುದಿಲ್ಲ, ಏಕೆಂದರೆ ಎರಡು ನಾಳಗಳು ಕರುಳಿನ ಗೋಡೆಯೊಳಗೆ ಬಂದ ಮೇಲೆ, ಒಡ್ಡಿಯ ಸ್ನಾಯುವಿನ ಹಿಡಿತದೊಳಗೆ ಕೂಡುತ್ತವೆ, ಅವುಗಳ ಸಮಾನ ಭಾಗ ಕೆಲವೇ ಮಿಲಿಮೀಟರ್ ಉದ್ದವಿರುತ್ತದೆ. ಕೆಲವರಲ್ಲಿ ಮಾತ್ರ, ತಾಯಿಯ ಗರ್ಭದಲ್ಲಿ ಅಂಗಗಳು ರೂಪುಗೊಳ್ಳುವಾಗಲೇ ಆದ ವ್ಯತ್ಯಾಸದಿಂದ, ಆ ಕೂಡುಸ್ಥಳ ಕರುಳಿನ ಗೋಡೆಯ ಹೊರಗೆ ಉಳಿದು ಸ್ನಾಯು ಅದನ್ನು ಹಿಡಿಯಲಾರದು. ಇದನ್ನು ವೈದ್ಯರು ಪಿತ್ತ ಮತ್ತು ಮೇದೋಜೀರಕ ನಾಳಗಳ ಅಸಹಜ ಸಂಧಿ ಎನ್ನುತ್ತಾರೆ. ಪಿತ್ತನಾಳ ಚೀಲದಂತೆ ಉಬ್ಬಿಕೊಂಡಿದ್ದ ಒಂದು ಶವದಲ್ಲಿ ಇಂಥ ಸಂಧಿಯನ್ನು ಜಪಾನಿನ ಕೊಝುಮಿ ಮತ್ತು ಕೊಡಾಮಾ 1916ರಲ್ಲೇ ವರ್ಣಿಸಿದ್ದರು. ಆದರೆ ಅದರ ಅರ್ಥವನ್ನು ಬಿಡಿಸಿ ಹೇಳಿದವನು ಅಮೆರಿಕದ ವಿಕಿರಣತಜ್ಞ ಡೊನಾಲ್ಡ್ ಬ್ಯಾಬಿಟ್. ಮೇದೋಜೀರಕ ರಸ ಮೇಲಕ್ಕೇರಿ ಪಿತ್ತನಾಳದ ಗೋಡೆಯನ್ನು ಕೆಡಿಸುವುದರಿಂದಲೇ ಅದು ಚೀಲವಾಗಿ ಉಬ್ಬುತ್ತದೆ ಎಂದು ಅವನು 1969ರಲ್ಲಿ ಮುಂದಿಟ್ಟ ವಾದ ಓಪಿಯ ಕಾಲುವೆಯನ್ನೇ ಇಟ್ಟುಕೊಂಡು ಅದರ ಹರಿವಿನ ದಿಕ್ಕನ್ನು ತಿರುಗಿಸಿತು.

ಕಾಲವೂ ಕೂಡಿಬಂದಿತ್ತು. ಬಾಯಿಯ ಮೂಲಕ ಕರುಳಿಗೆ ದರ್ಶಕನಳಿಗೆ ಇಳಿಸಿ ವಾಟರನ ಉಬ್ಬಿನಿಂದ ಬಣ್ಣದ್ರವ ಹಾಯಿಸಿ ಕ್ಷಕಿರಣದಲ್ಲಿ ನಾಳಗಳನ್ನು ನೋಡುವ ಇಆರ್‌ಸಿಪಿ ಎಂಬ ವಿಧಾನ 1968ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಜಪಾನಿನಲ್ಲಿ ಬಹುಬೇಗ ಪಳಗಿತು, ಹೀಗೆ ಅದುವರೆಗೆ ಶವದಲ್ಲಿ ಮಾತ್ರ ಕಾಣುತ್ತಿದ್ದ ಸಂಧಿ ಬದುಕಿರುವವರಲ್ಲಿಯೂ ಕಾಣತೊಡಗಿತು. ನಾಳ ಉಬ್ಬದೆ ಇರುವವರಲ್ಲಿಯೂ ಅಸಹಜ ಸಂಧಿ ಇರುತ್ತದೆಂಬುದು, ಅಂಥವರಲ್ಲಿ ಪಿತ್ತಕೋಶದ ಕ್ಯಾನ್ಸರ್ ಎದ್ದುಕಾಣುವಷ್ಟು ಹೆಚ್ಚೆಂಬುದು 1984 ಮತ್ತು 1985ರಲ್ಲಿ ಕಿನೊಶಿತಾ ಹಾಗೂ ಕಿಮುರಾ ಅವರ ತಂಡಗಳು ಪ್ರಕಟಿಸಿದ ಬರೆಹಗಳಿಂದ ಖಚಿತವಾಯಿತು. ಜಪಾನೀಯರು ಇಷ್ಟಕ್ಕೇ ನಿಲ್ಲಲಿಲ್ಲ. 1983ರಲ್ಲಿ ಅವರು ಈ ಒಂದೇ ದೋಷದ ಅಧ್ಯಯನಕ್ಕೆಂದು ಮಂಡಳಿಯೊಂದನ್ನು ಕಟ್ಟಿ, 1987ರಲ್ಲಿ ರೋಗನಿರ್ಣಯದ ಮಾನದಂಡಗಳನ್ನು ಗೊತ್ತುಪಡಿಸಿ, ದೇಶದ ಆಸ್ಪತ್ರೆಗಳಿಂದ ರೋಗಿಗಳ ವಿವರವನ್ನು ವರ್ಷದಿಂದ ವರ್ಷಕ್ಕೆ ನೋಂದಾಯಿಸುತ್ತ ಬಂದರು. ಆ ನೋಂದಣಿಯ ಫಲ 2013ರಲ್ಲಿ ಪ್ರಕಟವಾದ ಲೆಕ್ಕ: 1990ರಿಂದ 2007ರವರೆಗಿನ ಸುಮಾರು 2,500 ರೋಗಿಗಳಲ್ಲಿ, ಪಿತ್ತನಾಳ ಉಬ್ಬಿದ್ದ ವಯಸ್ಕರ ಪೈಕಿ ಶೇ. 21.6 ಮಂದಿಗೂ ಉಬ್ಬದಿದ್ದವರ ಪೈಕಿ ಶೇ. 42.4 ಮಂದಿಗೂ ಪಿತ್ತಮಾರ್ಗದ ಕ್ಯಾನ್ಸರ್ ಇತ್ತು, ಎರಡನೆಯ ಗುಂಪಿನ ಕ್ಯಾನ್ಸರುಗಳಲ್ಲಿ ಶೇ. 88ರಷ್ಟು ಪಿತ್ತಕೋಶದಲ್ಲಿಯೇ ಇದ್ದವು. ಆಸ್ಪತ್ರೆಗೆ ಬಂದವರ ಲೆಕ್ಕವಾದುದರಿಂದ ಈ ಪ್ರಮಾಣ ವಾಸ್ತವಕ್ಕಿಂತ ಹೆಚ್ಚಾಗಿ ಕಾಣುತ್ತಿರಬಹುದು, ಏಕೆಂದರೆ ನಾಳ ಉಬ್ಬದವರಿಗೆ ನೋವು, ಜ್ವರಗಳು ವಿರಳವಾಗಿದ್ದು ಕ್ಯಾನ್ಸರ್ ಬಂದ ಮೇಲೆಯೇ ಅನೇಕರ ದೋಷ ಬಯಲಾಗುತ್ತದೆ. ಹಾಗಿದ್ದರೂ ಸಂಬಂಧ ಇದೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು ಆ ಅಂಕಿಗಳು ಮುಗಿಸಿದವೆಂದು ಹೇಳಬಹುದು.

ರಸವೊಂದು ಕ್ಯಾನ್ಸರಿಗೆ ಹೇಗೆ ದಾರಿಮಾಡುತ್ತದೆ ಎಂಬುದರ ವಿವರಣೆ ಈಗ ಬಹುಮಟ್ಟಿಗೆ ಒಪ್ಪಿತವಾಗಿದೆ. ಮೇದೋಜೀರಕ ರಸ ಆಹಾರದಲ್ಲಿನ ಸಸಾರಜನಕ ಮತ್ತು ಕೊಬ್ಬನ್ನು ಒಡೆಯುವ ಕಿಣ್ವಗಳ ಮಿಶ್ರಣ, ಅವುಗಳಲ್ಲಿ ಹಲವು ಹುಟ್ಟುವಲ್ಲಿ ನಿದ್ರಿಸುತ್ತಿದ್ದು ಕರುಳು ಸೇರಿದ ಮೇಲೆ ಎಚ್ಚರಗೊಳ್ಳಬೇಕು. ಪಿತ್ತಕ್ಕೆ ಬೆರೆತಾಗ ಅವು ಅಲ್ಲಿಯೇ ಎಚ್ಚರಗೊಳ್ಳುತ್ತವೆ, ಅವುಗಳಲ್ಲಿ ಫಾಸ್ಫೊಲೈಪೇಸ್ ಎ2 ಎಂಬುದು ಪಿತ್ತರಸದಲ್ಲಿ ಸಹಜವಾಗಿರುವ ಲೆಸಿಥಿನ್ ಎಂಬ ಜಿಡ್ಡನ್ನು ಲೈಸೊಲೆಸಿಥಿನ್ ಎಂಬ ಜೀವಕೋಶದ ಪೊರೆಯನ್ನೇ ಕರಗಿಸುವ ವಸ್ತುವಾಗಿ ಮಾರ್ಪಡಿಸುತ್ತದೆ. ಪಿತ್ತನಾಳದಲ್ಲಿ ರಸ ಹರಿದುಹೋಗುತ್ತದೆ, ಪಿತ್ತಕೋಶದಲ್ಲಿ ಅದು ಗಂಟೆಗಟ್ಟಲೆ ನಿಂತು ನೀರಿನಂಶ ಹೀರಲ್ಪಟ್ಟು ಇನ್ನಷ್ಟು ಗಟ್ಟಿಯಾಗುತ್ತದೆ, ಪೆಟ್ಟು ಹೆಚ್ಚಾಗಿ ಅಲ್ಲಿಯೇ ಬೀಳುವುದಕ್ಕೆ ಇದೇ ಕಾರಣ. ಇಂಥ ರೋಗಿಗಳ ಪಿತ್ತದಲ್ಲಿ ಅಮೈಲೇಸ್ ಎಂಬ ಮೇದೋಜೀರಕದ ಕಿಣ್ವ ಲೀಟರಿಗೆ 10,000 ಘಟಕಗಳನ್ನು ಮೀರುವುದು ಸಾಮಾನ್ಯ, ರಕ್ತದಲ್ಲಿ ಅದರ ಸಹಜ ಮಟ್ಟ ನೂರರ ಆಸುಪಾಸಿನದು. ಸವೆದ ಒಳಪೊರೆ ಮತ್ತೆ ಮತ್ತೆ ಬೆಳೆದು ದಪ್ಪಗಾಗುತ್ತದೆ, ಆ ಅವಸರದ ಬೆಳವಣಿಗೆಯಲ್ಲಿ ಮೊದಲು ಕೆ-ರಾಸ್ ಎಂಬ ವಂಶವಾಹಿಯೂ ಮುಂದೆ ಪಿ53 ಎಂಬುದೂ ಕೆಡುತ್ತವೆ, ಹೀಗೆ ಬರುವ ಕ್ಯಾನ್ಸರ್ ಇತರರಿಗಿಂತ ಸುಮಾರು ಹತ್ತು ವರ್ಷ ಮೊದಲೇ, ಹೆಚ್ಚಾಗಿ ಹೆಂಗಸರಲ್ಲಿ, ಬಹುತೇಕ ಕಲ್ಲುಗಳಿಲ್ಲದ ಪಿತ್ತಕೋಶದಲ್ಲಿ ಕಾಣಿಸಿಕೊಳ್ಳುತ್ತದೆ.

ಈ ಕೊನೆಯ ಮಾತು ಕರ್ನಾಟಕದ ಮಟ್ಟಿಗೆ ಗಮನಿಸತಕ್ಕದ್ದು. ಭಾರತದಲ್ಲಿ ಪಿತ್ತಕೋಶದ ಕ್ಯಾನ್ಸರ್ ಎಂದೊಡನೆ ಗಂಗಾ ಬಯಲಿನ ಉತ್ತರಪ್ರದೇಶ, ಬಿಹಾರಗಳೂ ದೆಹಲಿ, ಅಸ್ಸಾಮುಗಳೂ ನೆನಪಾಗುತ್ತವೆ, ಅಲ್ಲಿನ ವಿವರಣೆ ಪಿತ್ತದ ಕಲ್ಲು, ವಿಷಮಶೀತಜ್ವರದ ರೋಗಾಣು ಪಿತ್ತಕೋಶದಲ್ಲಿ ವರ್ಷಗಟ್ಟಲೆ ನೆಲೆಸುವುದು, ನೀರು ಮತ್ತು ಮಣ್ಣಿನ ಭಾರಲೋಹಗಳು ಎಂಬ ಅಂಶಗಳ ಸುತ್ತ ಹೆಣೆದದ್ದು. ದಕ್ಷಿಣದ ಸ್ಥಿತಿ ಬೇರೆ. 1968ರಲ್ಲಿ ಎಸ್. ಎಲ್. ಮಲ್ಹೋತ್ರಾ ರೈಲ್ವೆ ನೌಕರರನ್ನು ದೇಶದ ಉದ್ದಕ್ಕೂ ಪರಿಶೀಲಿಸಿ ಪಿತ್ತದ ಕಲ್ಲು ಉತ್ತರದವರಲ್ಲಿ ದಕ್ಷಿಣದವರಿಗಿಂತ ಏಳು ಪಟ್ಟು ಹೆಚ್ಚೆಂದು ತೋರಿಸಿದ್ದರು, ಒಂದೇ ಇಲಾಖೆಯ, ಒಂದೇ ಬಗೆಯ ವೈದ್ಯಕೀಯ ಸೌಲಭ್ಯವುಳ್ಳ ಜನರನ್ನು ಹೋಲಿಸಿದ್ದು ಆ ಅಧ್ಯಯನದ ಜಾಣತನ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1982ರಿಂದ ನಡೆಸಿಕೊಂಡು ಬಂದಿರುವ ಕ್ಯಾನ್ಸರ್ ನೋಂದಣಿಯಲ್ಲಿಯೂ ಈ ರೋಗದ ಪ್ರಮಾಣ ದೆಹಲಿಗಿಂತ ಹಲವು ಪಟ್ಟು ಕಡಿಮೆ. ರೋಗ ವಿರಳವಾಗಿರುವುದರಿಂದ ಅದರ ಬಗ್ಗೆ ಎಚ್ಚರವೂ ವಿರಳವಾಯಿತು, ಮತ್ತು ಉತ್ತರದ ಕಲ್ಲಿನ ವಿವರಣೆಯನ್ನೇ ಇಲ್ಲಿಗೂ ಹೊಂದಿಸಿಕೊಂಡಿದ್ದರಿಂದ, ಸ್ಕ್ಯಾನಿಂಗಿನಲ್ಲಿ ಕಲ್ಲು ಕಾಣದಿದ್ದರೆ ಪಿತ್ತಕೋಶ ನಿರಪಾಯವೆಂಬ ಭಾವನೆ ಬೆಳೆಯಿತು. ಕಲ್ಲು ಕಡಿಮೆಯಿರುವ ನಾಡಿನಲ್ಲಿ ಕಲ್ಲಿಲ್ಲದ ದಾರಿಯಿಂದ ಬರುವ ಕ್ಯಾನ್ಸರಿನ ಬಗ್ಗೆಯೇ ಹೆಚ್ಚು ಪ್ರಶ್ನೆ ಏಳಬೇಕಿತ್ತು. 1989ರಲ್ಲಿ ದೆಹಲಿಯ ವೈದ್ಯರು ಇಆರ್‌ಸಿಪಿ ಚಿತ್ರಗಳನ್ನು ಅಳೆದು ಪಿತ್ತಕೋಶದ ಕ್ಯಾನ್ಸರಿದ್ದವರಲ್ಲಿ ಉದ್ದನೆಯ ಸಮಾನ ನಾಳ ಹೆಚ್ಚೆಂದು ವರದಿ ಮಾಡಿ, ಇದು ಜಪಾನಿಗೆ ಮಾತ್ರ ಮೀಸಲಾದ ವಿಚಾರವಲ್ಲವೆಂದು ಸೂಚಿಸಿದ್ದರು.

ಮೇದೋಜೀರಕದ ಇತರ ರೋಗಗಳು ಪಶ್ಚಿಮ ಕರಾವಳಿಗೆ ಅಪರಿಚಿತವಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಕೇರಳದಲ್ಲಿ ಪಿ. ಜೆ. ಗೀವರ್ಗೀಸ್ ಅವರು ಹರೆಯದವರ ಮೇದೋಜೀರಕದಲ್ಲಿ ಕಲ್ಲುಗಟ್ಟಿ ಮಧುಮೇಹ ಬರುವ ರೋಗದ ನೂರಾರು ಪ್ರಕರಣಗಳನ್ನು ಅಭ್ಯಸಿಸಿ 1968ರಲ್ಲಿ ಗ್ರಂಥವನ್ನೇ ಬರೆದರು, ಮರಗೆಣಸಿನಲ್ಲಿರುವ ಸಯನೈಡಿನ ಅಂಶ ಅದಕ್ಕೆ ಕಾರಣವಿರಬಹುದೆಂದು ಶಂಕಿಸಿದರು. ಕಡಬ, ನೆಲ್ಯಾಡಿ ಕಡೆಗೆ ಕೇರಳದಿಂದ ಬಂದು ನೆಲೆಸಿದ ಕೃಷಿಕರ ಜೊತೆ ರಬ್ಬರೂ ಮರಗೆಣಸಿನ ಊಟವೂ ಬಂದವು, ಆದರೆ ಮರಗೆಣಸಿನ ಮೇಲಿನ ಆ ಶಂಕೆ ನೆಲೆನಿಲ್ಲಲಿಲ್ಲ, ಅದನ್ನು ತಿನ್ನದವರಲ್ಲಿಯೂ ರೋಗ ಕಂಡು, 2002ರ ಹೊತ್ತಿಗೆ ಸ್ಪಿಂಕ್1 ಎಂಬ ವಂಶವಾಹಿಯ ದೋಷದ ಕಡೆಗೆ ಬೊಟ್ಟು ತಿರುಗಿತು. ಮೇದೋಜೀರಕದೊಳಗೇ ಕಲ್ಲುಗಟ್ಟುವ ಆ ರೋಗ ಬೇರೆ, ರಸ ಹೊರಬಿದ್ದು ನೆರೆಯ ಅಂಗವನ್ನು ಕೆಡಿಸುವ ಈ ರೋಗ ಬೇರೆ, ಇವೆರಡನ್ನು ಬೆರೆಸಬಾರದು.

ಪೆರಾಬೆಯಂಥ ಗ್ರಾಮದಿಂದ ಪರೀಕ್ಷೆಯ ಮೇಜಿನವರೆಗಿನ ದೂರ ಈ ಚರಿತ್ರೆಯ ಇನ್ನೊಂದು ಭಾಗ. ಮಂಗಳೂರಿನಲ್ಲಿ ಈಗಿನ ವೆನ್ಲಾಕ್ ಆಸ್ಪತ್ರೆ 1848ರಿಂದಲೂ, ಫಾದರ್ ಮುಲ್ಲರ್ ಅವರ ಧರ್ಮಾರ್ಥ ಔಷಧಾಲಯ 1880ರಿಂದಲೂ ಇದ್ದವು, 1953ರಲ್ಲಿ ಟಿ. ಎಂ. ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದ ಮೇಲೆ ಜಿಲ್ಲೆ ದೊಡ್ಡ ವೈದ್ಯಕೀಯ ಕೇಂದ್ರವಾಗಿ ಬೆಳೆಯಿತು. ಆದರೆ ಮಳೆಗಾಲದಲ್ಲಿ ಹೊಳೆ ದಾಟಲು ದೋಣಿಯೇ ಗತಿಯಾಗಿದ್ದ ಊರುಗಳಿಗೆ ಇವೆಲ್ಲ ಹೆಸರಷ್ಟೇ ಆಗಿದ್ದವು. ಪುತ್ತೂರು ಮತ್ತು ಸುಬ್ರಹ್ಮಣ್ಯಗಳ ಮೂಲಕ ಮಂಗಳೂರು ಮತ್ತು ಹಾಸನಗಳನ್ನು ಕೂಡಿಸುವ ರೈಲು ದಾರಿ 1979ರಲ್ಲಿ ಪೂರ್ಣವಾದದ್ದು, ಸೇತುವೆಗಳು ಬಂದದ್ದು, ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು ಈ ಶತಮಾನದ ಆರಂಭದಲ್ಲಿ ವೈದ್ಯಕೀಯ ಕಾಲೇಜನ್ನು ಕಟ್ಟಿದ್ದು, ಅಲ್ಟ್ರಾಸೌಂಡ್ ಯಂತ್ರ ತಾಲೂಕು ಕೇಂದ್ರಗಳಿಗೆ ಇಳಿದದ್ದು, ಇವೆಲ್ಲ ಸೇರಿ ಕಾಮಾಲೆಯ ರೋಗಿಯ ದಾರಿಯನ್ನು ಬದಲಿಸಿದವು. ಕಿರುನೆಲ್ಲಿ ಇಂದಿಗೂ ಅರೆಯಲ್ಪಡುತ್ತದೆ, ಆದರೆ ಅದರ ಜೊತೆಗೆ ರಕ್ತದ ಪರೀಕ್ಷೆಯೂ ಸ್ಕ್ಯಾನಿಂಗೂ ನಡೆಯುವುದು ಈಗ ರೂಢಿ.

ಸ್ಕ್ಯಾನಿಂಗಿನಲ್ಲಿ ಏನನ್ನು ಹುಡುಕಬೇಕೆಂಬುದು ತಿಳಿದಿದ್ದರೆ ಮಾತ್ರ ಈ ರೋಗದ ಮಟ್ಟಿಗೆ ಅದರಿಂದ ಪ್ರಯೋಜನ. ಕಲ್ಲಿಲ್ಲದೆಯೂ ಪಿತ್ತಕೋಶದ ಒಳಪೊರೆ ಒಂದೇ ಸಮನಾಗಿ ದಪ್ಪಗಾಗಿದ್ದರೆ ಅದು ಹಿಮ್ಮುಖ ಹರಿವಿನ ಮೊದಲ ಸುಳಿವಿರಬಹುದು, ಆಗ 1990ರ ದಶಕದಿಂದ ಬಳಕೆಗೆ ಬಂದ ಎಂಆರ್‌ಸಿಪಿ ಎಂಬ, ನಳಿಗೆ ಇಳಿಸದೆ ಕಾಂತಕ್ಷೇತ್ರದಿಂದ ನಾಳಗಳ ಚಿತ್ರ ತೆಗೆಯುವ ಪರೀಕ್ಷೆಯಲ್ಲಿ ಸಂಧಿಯ ನೆಲೆಯನ್ನು ನೋಡಬಹುದು. ದೋಷ ಖಚಿತವಾದರೆ ಕ್ಯಾನ್ಸರಿಗೆ ಕಾಯದೆ ಪಿತ್ತಕೋಶವನ್ನು ತೆಗೆಯುವುದು ಈಗ ಒಪ್ಪಿತ ಕ್ರಮ, ನಾಳ ಉಬ್ಬಿದ್ದರೆ ಆ ನಾಳವನ್ನೂ ತೆಗೆದು ಪಿತ್ತಜನಕಾಂಗದ ಬಳಿ ಉಳಿದ ನಾಳದ ತುದಿಯನ್ನು ನೇರವಾಗಿ ಕರುಳಿಗೆ ಹೊಲಿದು ಎರಡು ರಸಗಳ ದಾರಿಯನ್ನು ಬೇರೆ ಮಾಡುತ್ತಾರೆ. ನಾಳ ಉಬ್ಬದವರಲ್ಲಿ ಪಿತ್ತಕೋಶವನ್ನಷ್ಟೇ ತೆಗೆದರೆ ಸಾಕೇ, ನಾಳವನ್ನೂ ತೆಗೆಯಬೇಕೇ ಎಂಬ ವಿಷಯದಲ್ಲಿ ಶಸ್ತ್ರವೈದ್ಯರಲ್ಲಿ ಇನ್ನೂ ಒಮ್ಮತವಿಲ್ಲ: ಅಂಥವರ ನಾಳದಲ್ಲಿ ಕ್ಯಾನ್ಸರ್ ವಿರಳವೆಂದು ಜಪಾನಿನ ಹೆಚ್ಚಿನವರು ನಾಳವನ್ನು ಉಳಿಸಿ ವರ್ಷವರ್ಷವೂ ಪರೀಕ್ಷಿಸುತ್ತಾರೆ, ಕೆಲವರು ರಸದ ಸ್ಪರ್ಶ ಉಳಿದಿರುವವರೆಗೆ ಅಪಾಯವೂ ಉಳಿದಿರುತ್ತದೆಂದು ಅದನ್ನೂ ತೆಗೆಯುತ್ತಾರೆ.